ಅಕ್ಕಲಕೋಟೆ ಸಂಸ್ಥಾನ: ನಾಲ್ಕೂ ಕಡೆ ಬೇರೆಯವರ ಸೀಮೆ

ದುಧನಿ ಪೇಟೆಯ ಅಡತಿ ಅಂಗಡಿಯಲ್ಲಿ ತೊಗರಿ ದರ ಕನ್ನಡದಾಗ ಮಾತಾಡ್ತಾರ, ಪಟ್ಟಿ ಮರಾಠಿಯಲ್ಲಿ ಬರೀತಾರ. ಹೊಲದ ಸಾತ್‌ಬಾರಾ ಮರಾಠಿ, ಹೊಲದೊಳಗಿನ ಹಾಡು ಕನ್ನಡ. ಹೊರಗಿನಿಂದ ಬಂದವರಿಗೆ ಇದು ಸೋಜಿಗ. ನಮಗೆ ಹಂಗೇನಿಲ್ಲ. ಆದರೆ ಈ ಸೀಮೆ ಹೀಗೇಕೆ ಆಯಿತು ಎಂದು ಕೇಳಿದರೆ 1707ಕ್ಕೆ ಹೋಗಬೇಕು.

ಆ ವರ್ಷ ಔರಂಗಜೇಬ ತೀರಿಕೊಂಡ. ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬಂದ ಶಾಹೂ ಮಹಾರಾಜರನ್ನು ಪಾರದ ಎಂಬ ಹಳ್ಳಿಯ ಪಾಟೀಲ ಸಯಾಜಿ ಲೋಖಂಡೆ ತಡೆದ, ಕಾಳಗದಲ್ಲಿ ಸತ್ತ. ಅವನ ಹೆಂಡತಿ ಮಗ ರಾಣೋಜಿಯನ್ನು ತಂದು ಶಾಹೂ ಮಹಾರಾಜರ ಪಾದಕ್ಕೆ ಹಾಕಿದಳು. ಗೆದ್ದ ನೆನಪಿಗೆ ಹುಡುಗನಿಗೆ ಫತ್ತೇಸಿಂಹ ಎಂದು ಹೆಸರಾಯಿತು, ಭೋಸಲೆ ಮನೆತನವೂ ಸಿಕ್ಕಿತು. ಮುಂದೆ ಅಕ್ಕಲಕೋಟೆ ಜಹಗೀರು ಇವನದೇ. ಗಂಡನನ್ನು ಕಳಕೊಂಡ ಆ ಹೆಂಗಸಿನ ಬುದ್ಧಿಯಿಂದ ಒಂದು ರಾಜಮನೆತನವೇ ಹುಟ್ಟಿತೆನ್ನಬೇಕು.

ಸಾತಾರಾದ ಗಾದಿಯನ್ನು ಇಂಗ್ಲಿಷರು 1848ರಲ್ಲಿ ನುಂಗಿದಾಗ ಅಕ್ಕಲಕೋಟೆ ನೇರವಾಗಿ ಅವರ ಕೈಕೆಳಗೆ ಬಂತು. ಕುದುರೆ ದಂಡು ಒದಗಿಸುವ ಬದಲು ವರ್ಷಕ್ಕೆ 14,592 ರೂಪಾಯಿ ಕಪ್ಪ. ವಿಸ್ತಾರ 498 ಚದರ ಮೈಲಿ. 1901ರ ಜನಗಣತಿಯಲ್ಲಿ 82,047 ಜನ. ಒಂದು ತಾಲ್ಲೂಕಿನಷ್ಟೇ ಅನ್ನಿರಿ.

ನಕ್ಷೆಯೇ ವಿಚಿತ್ರ. ಉತ್ತರಕ್ಕೆ ನಿಜಾಮನ ಸೀಮೆ, ದಕ್ಷಿಣಕ್ಕೆ ಇಂಡಿ ತಾಲ್ಲೂಕು, ಪಶ್ಚಿಮಕ್ಕೆ ಇಂಗ್ಲಿಷರ ಸೊಲ್ಲಾಪುರ. ಇಷ್ಟು ಸಾಲದೆಂಬಂತೆ ದೂರದ ಮಾಳಶಿರಸದಲ್ಲಿ ಪಿಲೀವ, ಸಾತಾರಾದ ಖಟಾವದಲ್ಲಿ ಕುರ್ಲಾ ಕೂಡ ಇದೇ ಸಂಸ್ಥಾನದವು. ನಳದುರ್ಗದ ಕಡೆಯಿಂದ ಬರುವ ಬೋರಿ ಹೊಳೆ ಸೀಮೆಯ ನಡುವೆ ಹರಿದು ಭೀಮೆಗೆ ಸೇರುತ್ತದೆ. ಉಳಿದದ್ದು ಎರೆಭೂಮಿ, ಬಿಳಿಜೋಳ, ಮಳೆಯ ದಾರಿ ಕಾಯುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಯಚೂರಿನ ರೈಲು ಈ ಸೀಮೆಯನ್ನು ಸೀಳಿ ಹೋದ ಮೇಲೆ ದುಧನಿಗೆ ಪೇಟೆಯ ಕಳೆ ಬಂತು. ಊರಿಗೆ ಹೊರಗಿನವರ ದಟ್ಟಣೆ ತಂದದ್ದು ಮಾತ್ರ ರೈಲಲ್ಲ; 1856ರಲ್ಲಿ ಇಲ್ಲಿಗೆ ಬಂದು 1878ರಲ್ಲಿ ಇಲ್ಲಿಯೇ ದೇಹವಿಟ್ಟ ಸ್ವಾಮಿ ಸಮರ್ಥರು.

ಸೊಲ್ಲಾಪುರ ಜಿಲ್ಲೆಯ ಗೆರೆಯಾದರೂ ಗಟ್ಟಿಯೇ? 1838ರಲ್ಲಿ ಆದ ಮೊದಲ ಸೊಲ್ಲಾಪುರ ಜಿಲ್ಲೆಯೊಳಗೆ ಬಾರ್ಶಿ, ಮಾಢಾಗಳ ಜೊತೆ ನಮ್ಮ ಇಂಡಿ, ಹಿಪ್ಪರಗಿ, ಮುದ್ದೇಬಿಹಾಳವೂ ಇದ್ದವು. 1864ರಲ್ಲಿ ಆ ಜಿಲ್ಲೆಯನ್ನೇ ಒಡೆದರು, ಮುಂದೆ ಕೆಲವೇ ವರ್ಷಕ್ಕೆ ಬೇರೆ ರೂಪದಲ್ಲಿ ಮತ್ತೆ ಕಟ್ಟಿದರು. ಗಡಿ ಅಂದರೆ ಕಲ್ಲಿನ ಮೇಲೆ ಕೊರೆದದ್ದೆಂದು ವಾದಿಸುವವರು ಇದನ್ನೊಮ್ಮೆ ನೋಡಬೇಕು.

1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ವಿಜಾಪುರ ಮೈಸೂರಿಗೆ ಬಂದರೆ ಅಕ್ಕಲಕೋಟೆ ಅಲ್ಲೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ ತಾಲ್ಲೂಕನ್ನು ಮೈಸೂರಿಗೆ ಕೊಡಿ ಎಂದಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರವೇ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಕೊನೆಯಲ್ಲಿ ಇಲ್ಲಿನ ಕೆಲವು ಹಳ್ಳಿಗಳು ಮತ್ತೆ ಕರ್ನಾಟಕದ ಹೆಸರೆತ್ತಿದವು. ಅವರ ಬಾಯಲ್ಲಿ ಭಾಷೆಗಿಂತ ಮೊದಲು ಬಂದದ್ದು ರಸ್ತೆ ಮತ್ತು ನೀರು.

ಹೊಲದ ತಂಟೆ ಇದ್ದವರಿಗೆ ಇನ್ನೊಂದು ಮಾತು. ಸಂಸ್ಥಾನ ಕಾಲದ ಇನಾಮು, ವತನದ ಕಾಗದ ಮೋಡಿ ಲಿಪಿಯಲ್ಲಿ ಇರುತ್ತವೆ. ಓದಬಲ್ಲವರು ಊರೂರಿಗೆ ಸಿಗುವುದಿಲ್ಲ. ಅಜ್ಜನ ಕಾಲದ ಟ್ರಂಕಿನಲ್ಲಿ ಅಂಥವು ಇದ್ದರೆ ರದ್ದಿಗೆ ಹಾಕಬ್ಯಾಡ್ರಿ. ಸೊಲ್ಲಾಪುರಕ್ಕೋ ಪುಣೆಗೋ ಹೋದಾಗ ಮೋಡಿ ಬಲ್ಲವರಿಂದ ಓದಿಸಿ, ದೇವನಾಗರಿಯಲ್ಲಿ ಬರೆಸಿ ಇಟ್ಟುಕೊಳ್ಳಿರಿ.