ಬಳ್ಳಿ ಕಿತ್ತ ಮೇಲೆ, ಕೊಪ್ಪರಿಗೆ ಸಿಗುವ ಮೊದಲು

ಕೊಲ್ಲಾಪುರವನ್ನು ಬಳಸಿ, ಇಚಲಕರಂಜಿಯ ಪಕ್ಕದಲ್ಲಿ ಹರಿದು ಬರುವ ಪಂಚಗಂಗೆ ಕೃಷ್ಣೆಯನ್ನು ಸೇರುವ ಸ್ಥಳದಲ್ಲಿ ನರಸೋಬನ ವಾಡಿ ಎಂಬ ದತ್ತಕ್ಷೇತ್ರವಿದೆ. ಗಾಣಗಾಪುರಕ್ಕೆ ಹೋಗಿ ಬಂದ ನಮ್ಮ ಕಡೆಯ ಭಕ್ತರಿಗೆ ಈ ಹೆಸರು ಹೊಸತಲ್ಲ. ಶ್ರೀ ನೃಸಿಂಹಸರಸ್ವತಿ ಗುರುಗಳು ಗಾಣಗಾಪುರಕ್ಕೆ ತೆರಳುವ ಮೊದಲು 12 ವರ್ಷ ಇಲ್ಲಿದ್ದರೆಂದು ಪ್ರತೀತಿ. ಇಲ್ಲಿ ಪೂಜೆ ಸಲ್ಲುವುದು ಅವರ ಪಾದುಕೆಗಳಿಗೆ.

ಗುಡಿ ಇರುವುದು ಹೊಳೆಯ ಅಂಚಿನಲ್ಲಿಯೇ. ಮಳೆಗಾಲದಲ್ಲಿ ನೀರು ಏರಿದಾಗ ಹೊಳೆ ನೇರವಾಗಿ ಒಳಗೆ ಬರುತ್ತದೆ. ಪಾದುಕೆಗಳ ಮೇಲಿನಿಂದ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬೀಳುವ ಆ ನೀರಿನಲ್ಲಿ ಮೀಯುವುದಕ್ಕೆ ಜನ ದೂರದೂರದಿಂದ ಬರುತ್ತಾರೆ. ಇದಕ್ಕೆ ‘ದಕ್ಷಿಣದ್ವಾರ ಸೋಹಳಾ’ ಎಂದು ಹೆಸರು. ಸೋಹಳಾ ಎಂದರೆ ಸಂಭ್ರಮ. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತರದ ನಾರಾಯಣಸ್ವಾಮಿ ಮಂದಿರಕ್ಕೆ ಒಯ್ಯುತ್ತಾರೆ. ದೇವರೂ ಮನೆ ಬಿಟ್ಟು ಹೊರಡಬೇಕಾಗುವ ಊರು ಇದು.

ಆದರೆ 2019ರ ಆಗಸ್ಟಿನಲ್ಲಿ ಬಂದ ನೀರು ಸಂಭ್ರಮದ ನೀರಾಗಿರಲಿಲ್ಲ. ವಾಡಿ, ಕುರುಂದವಾಡ, ಶಿರೋಳದ ಹಳ್ಳಿಗಳೆಲ್ಲ ಮುಳುಗಿದುವು. ಕೊಲ್ಲಾಪುರ ಪೇಟೆಯೊಳಗೂ ಇಚಲಕರಂಜಿಯ ತಗ್ಗಿನ ಓಣಿಗಳಿಗೂ ಪಂಚಗಂಗೆ ನುಗ್ಗಿತು. ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಕೊಲ್ಲಾಪುರ, ಸಾಂಗ್ಲಿ ಎರಡೂ ಜಿಲ್ಲೆಗಳಲ್ಲಿ ಲಕ್ಷಾಂತರ ಮಂದಿ ಮನೆ ತೊರೆದರು. ಕಟ್ಟಿದ್ದ ಎಮ್ಮೆ ಕಟ್ಟಿದಲ್ಲೇ ಸತ್ತಿತು. ಆಳೆತ್ತರದ ಕಬ್ಬು ನಿಂತಲ್ಲೇ ಕೊಳೆಯಿತು. 2005ರಲ್ಲಿ ಕಂಡಿದ್ದ ನೆರೆಗಿಂತ ದೊಡ್ಡ ನೆರೆ ಇದು. ಇನ್ನು ಚೇತರಿಸಿಕೊಂಡೆವು ಎನ್ನುವಷ್ಟರಲ್ಲಿ 2021ರ ಜುಲೈಯಲ್ಲಿ ಮತ್ತೊಮ್ಮೆ ಬಂತು.

ಇಂಥ ಹೊತ್ತಿನಲ್ಲಿ ಬಾಯಿಗೆ ಬರುವ ಮಾತು ಎಲ್ಲ ಕಡೆಯೂ ಒಂದೇ. ಗಡಹಿಂಗ್ಲಜದ ಕಡೆಯ ಕನ್ನಡದ ತಾಯಿ “ನಾ ಏನ ಪಾಪ ಮಾಡಿದ್ನೋ ಯಪ್ಪಾ” ಎನ್ನುತ್ತಾಳೆ. ನಮ್ಮಲ್ಲಿ “ನಾವು ಎಂತ ಪಾಪ ಮಾಡಿದ್ದೇವೆ ದೇವರೇ” ಎನ್ನುತ್ತಾರೆ. ಕೇಳಿದವರಿಗೆ ಉತ್ತರ ಕೊಡಲು ನೆರೆಕರೆಯವರು ಸದಾ ಸಿದ್ಧ: ಹಿಂದಿನ ಜನ್ಮದ್ದು, ಹರಕೆ ತಪ್ಪಿದ್ದು, ನಾಗನ ಕೋಪ. ಈ ಉತ್ತರಗಳಿಂದ ನೊಂದವರಿಗೆ ಸಮಾಧಾನವಾದುದನ್ನು ಈ ಲೇಖಕ ಕಂಡದ್ದಿಲ್ಲ. ನೊಂದವರ ತಲೆಯ ಮೇಲೆ ಅಪರಾಧಿಯೆಂಬ ಹೊರೆಯೂ ಬಿದ್ದದ್ದನ್ನು ಮಾತ್ರ ಕಂಡಿದ್ದೇನೆ.

ವಾಡಿಯ ಭಕ್ತರು ಪಾರಾಯಣ ಮಾಡುವ ‘ಗುರುಚರಿತ್ರೆ’ಯಲ್ಲಿಯೇ ಈ ಪ್ರಶ್ನೆ ಬರುತ್ತದೆ. ಮರಾಠಿಯ ಈ ಮಹಾಗ್ರಂಥವನ್ನು ಬರೆದ ಸರಸ್ವತೀ ಗಂಗಾಧರ ತನಗೆ ಮರಾಠಿ ಬಾರದೆಂದು ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ. ಅವನ ಮನೆಮಾತು ಕನ್ನಡವೆಂದು ವಿದ್ವಾಂಸರ ಮತ; ಗ್ರಂಥದ ನಡುವೆ ಕನ್ನಡ ಪದಗಳನ್ನೂ ಹಾಡಿದ್ದಾನೆ. ಪರಭಾಷೆಯ ನಡುವೆ ಬಾಳುವ ನಮಗೆ ಇದು ಕಿವಿಗೆ ಇಂಪಾದ ಸಂಗತಿ, ಇರಲಿ.

ಅದರ 18ನೆಯ ಅಧ್ಯಾಯದ ಕಥೆ ನಡೆಯುವುದು ಅಮರಾಪುರದಲ್ಲಿ, ಅಂದರೆ ಇದೇ ಸಂಗಮದಲ್ಲಿ. ಅಲ್ಲೊಬ್ಬ ಬಡ ಬ್ರಾಹ್ಮಣ. ಭಿಕ್ಷೆ ಸಿಕ್ಕಿದ ದಿನ ಊಟ, ಸಿಗದ ದಿನ ಬಾಗಿಲ ಮುಂದಿನ ಅವರೆ ಬಳ್ಳಿಯ ಕಾಯಿಯೇ ಗತಿ. ಒಂದು ದಿನ ಗುರುಗಳು ಭಿಕ್ಷೆಗೆ ಬಂದರು. ದಂಪತಿಗಳು ಭಕ್ತಿಯಿಂದ ಅದೇ ಅವರೆಯ ಪಲ್ಯ ಬಡಿಸಿದರು. ಉಂಡು ಸಂತೋಷಪಟ್ಟ ಗುರುಗಳು ಹೊರಡುವಾಗ ಆ ಬಳ್ಳಿಯನ್ನೇ ಕಿತ್ತು ಹಾಕಿ ನಡೆದರು!

ಹೆಂಡತಿ ಗೋಳೋ ಎಂದು ಅತ್ತಳು. ಉಣಿಸಿದವರಿಗೆ ಇದೇ ಫಲವೇ, ಈ ಯತಿಗೆ ನಾವೇನು ಅಪಕಾರ ಮಾಡಿದ್ದೆವು ಎಂದು ಕೇಳಿದಳು. ಗಂಡ ಅವಳನ್ನು ತಡೆದು, ಗುರುಗಳನ್ನು ದೂರಬೇಡ, ಸಕಲ ಜೀವರಾಶಿಗಳಿಗೆ ಉಣಿಸುವವನು ನಮ್ಮನ್ನೂ ನೋಡಿಕೊಳ್ಳುತ್ತಾನೆ ಎಂದ. ಆಮೇಲೆ ಉಳಿದ ಬೇರನ್ನು ತೆಗೆಯೋಣವೆಂದು ಅಗೆದರೆ ಅಲ್ಲಿ ಹೊನ್ನು ತುಂಬಿದ ಕೊಪ್ಪರಿಗೆ.

ಪಾರಾಯಣ ಮಾಡುವವರು ಕೊಪ್ಪರಿಗೆಗೆ ಕೈಮುಗಿಯುತ್ತಾರೆ. ದಾರಿದ್ರ್ಯ ನೀಗಲೆಂದು ಈ ಅಧ್ಯಾಯವನ್ನು ಬೇರೆಯಾಗಿಯೇ ಓದುವ ರೂಢಿಯೂ ಇದೆ. ನನ್ನ ಮನಸ್ಸು ಮಾತ್ರ ಅದಕ್ಕಿಂತ ಸ್ವಲ್ಪ ಹಿಂದೆ ನಿಲ್ಲುತ್ತದೆ. ಬ್ರಾಹ್ಮಣ ಆ ಮಾತನ್ನು ಆಡಿದಾಗ ಕೊಪ್ಪರಿಗೆ ಸಿಕ್ಕಿರಲಿಲ್ಲ, ನಾಳೆಯ ಊಟಕ್ಕೆ ಒಂದು ಕಾಯಿಯೂ ಇರಲಿಲ್ಲ.  ಶಿರೋಳದಲ್ಲಿ ನೆರೆ ಇಳಿದ ಮೇಲೆ ಕೆಸರು ಅಗೆದವರಿಗೆ ಕೆಸರೇ ಸಿಕ್ಕಿತು. ಅವರ ನಂಬಿಕೆ ಬಳ್ಳಿ ಕಿತ್ತುದಕ್ಕೂ ಹೊನ್ನು ಸಿಗುವುದಕ್ಕೂ ನಡುವಿನ ಆ ಹೊತ್ತಿನದು.

ಹೆಂಡತಿಯ ಅಳುವೂ ಸುಳ್ಳಲ್ಲ. ಅವಳು ಕೇಳಿದ ಪ್ರಶ್ನೆ ಕೇಳಬೇಕಾದದ್ದೇ. ಯಾರನ್ನು ಕೇಳಬೇಕೆಂಬುದು ಮುಖ್ಯ.

ನಮ್ಮದೇ ಎಣ್ಮಕಜೆಯ ಪಡ್ರೆಯನ್ನು ನೆನೆಯಿರಿ. ಅಲ್ಲೊಂದು ಸ್ಥಳಕ್ಕೆ ಸ್ವರ್ಗ ಎಂದೇ ಹೆಸರು. ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಕೆಳಗಿನ ಮನೆಗಳಲ್ಲಿ ತಲೆ ದಪ್ಪವಾದ, ಮಾತು ಬಾರದ, ಎದ್ದು ನಿಲ್ಲಲಾಗದ ಮಕ್ಕಳು ಹುಟ್ಟಿದರು. ದೈವದ ಮುನಿಸೆಂದು ತಿಳಿದು ಪ್ರಾಯಶ್ಚಿತ್ತಕ್ಕೆ ಹೊರಟವರಿದ್ದರು. ಪಾಪವನ್ನು ತಮ್ಮಲ್ಲಿ ಹುಡುಕುತ್ತ ಕುಳಿತಷ್ಟು ಕಾಲ ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆಯವರಂಥವರು ಪ್ರಶ್ನೆಯನ್ನು ಕೇಳಬೇಕಾದವರನ್ನೇ ಕೇಳಿದರು. ಸಿಂಪಡಣೆ 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು. ಅದಕ್ಕೂ ತಾಯಂದಿರು ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಯಿತು. ಕೋರ್ಟು ಹತ್ತಿದವರು ದೇವರ ಮುಂದಿನ ದೀಪ ಆರಿಸಿ ಹೋಗಲಿಲ್ಲವೆಂಬುದನ್ನೂ ಹೇಳಬೇಕು.

ಇಚಲಕರಂಜಿಯದೂ ಇದೇ ಮಾತು. ಮಗ್ಗಗಳ ಆ ಪೇಟೆಯಲ್ಲಿ 2012ರಲ್ಲಿ ಕುಡಿಯುವ ನೀರಿಗೆ ಹೊಲಸು ಸೇರಿ ಕಾಮಾಲೆ ಹಬ್ಬಿತು. ಸಾವಿರಾರು ಜನ ಮಲಗಿದರು. ಪಂಚಗಂಗೆಯನ್ನು ಗಂಗೆಯೆಂದು ಪೂಜಿಸುವವರೂ ಅದರೊಳಕ್ಕೆ ಕೊಳಚೆ ಬಿಡುವವರೂ ಒಂದೇ ದಡದವರು. ಇದಕ್ಕೆ ದೇವರನ್ನು ಸಾಕ್ಷಿಗೆ ಕರೆಯಬಹುದು, ಆರೋಪಿಯ ಕಟಕಟೆಗಲ್ಲ. 2019ರ ನೆರೆಗೆ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಗಡಿಯಾಚೆ ಕೂಗೆದ್ದಿತು. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ಅದನ್ನು ಒಪ್ಪದೆ, ಅತಿವೃಷ್ಟಿ ಮತ್ತು ನದಿಪಾತ್ರದ ಒತ್ತುವರಿಯತ್ತ ಬೊಟ್ಟು ಮಾಡಿತು.

ಹಾಗೆಂದು ಎಲ್ಲ ನೋವಿಗೂ ಒಬ್ಬ ಆರೋಪಿ ಸಿಗುತ್ತಾನೆಯೇ? ಸಿಗುವುದಿಲ್ಲ. ಎಂಟು ದಿನ ಎಡೆಬಿಡದೆ ಮಳೆ ಸುರಿದರೆ ಮೊಕದ್ದಮೆ ಹೂಡುವುದು ಯಾರ ಮೇಲೆ? ಹರೆಯದ ಮಗ ಜ್ವರದಲ್ಲಿ ತೀರಿಕೊಂಡರೆ ಯಾವ ಸಮಿತಿ ವರದಿ ಕೊಡುತ್ತದೆ? ನಮ್ಮ ಬಯಲಾಟದಲ್ಲಿ ಹರಿಶ್ಚಂದ್ರ ಮಗನ ಹೆಣದ ಮುಂದೆ ನಿಂತಾಗ ಇಡೀ ಬಯಲು ಉಸಿರು ಬಿಗಿಹಿಡಿಯುತ್ತದೆ. ಬೆಳಗಿನ ಜಾವ ಈಶ್ವರ ಪ್ರತ್ಯಕ್ಷನಾಗುವನೆಂದು ಸಭೆಗೆ ಗೊತ್ತು. ಹರಿಶ್ಚಂದ್ರನಿಗೆ ಗೊತ್ತಿಲ್ಲ. ಕಣ್ಣೀರು ಬರುವುದು ಅದಕ್ಕಾಗಿ.

ವಾಡಿಯಲ್ಲಿ ನೆರೆ ಇಳಿದೊಡನೆ ಮೊದಲ ಕೆಲಸ ಗುಡಿಯ ಕೆಸರು ತೊಳೆಯುವುದು. ಕೊಳೆ ಬಳಿದು, ನೀರೆರಚಿ, ಪಾದುಕೆಗಳನ್ನು ಶುಚಿ ಮಾಡಿ, ಮೇಲೆ ಒಯ್ದಿದ್ದ ಮೂರ್ತಿಯನ್ನು ಮರಳಿ ತರುತ್ತಾರೆ. ಆಮೇಲೆ ತಮ್ಮ ತಮ್ಮ ಮನೆಗಳ ಕೆಸರು. ಮುಂದಿನ ಮಳೆಗಾಲಕ್ಕೆ ಹೊಳೆ ಮತ್ತೆ ಬಾಗಿಲಿಗೆ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.