ನಡುಗಡ್ಡೆಗೆ ದಾರಿಯಿಲ್ಲ

ಬೆಳಗಿನ ಆರೂವರೆಗೆಲ್ಲ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜನ ಎರಡನೇ ಸುತ್ತು ಹಾಕುತ್ತಿದ್ದರು. ನಾನು ಹುಡುಕಿಕೊಂಡು ಹೋದವರು ಮಾತ್ರ ಕೂತಿದ್ದರು. ನಡುಗಡ್ಡೆಗೆ ಮುಖಮಾಡಿದ ಬೆಂಚು, ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್, ಕೊರಳಲ್ಲಿ ಹಳೆಯ ಬೈನಾಕ್ಯುಲರ್. ನಿವೃತ್ತ ಶಾಲಾ ಮೇಷ್ಟ್ರು. ಹೆಸರು ಹಾಕಬೇಡಿ ಎಂದರು. ಇಲ್ಲಿಗೆ ಬರುವವರೆಲ್ಲ ‘ಮೇಷ್ಟ್ರೇ’ ಎಂದೇ ಕರೆಯುತ್ತಾರೆ.

ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಬರತೊಡಗಿದವರು. ಒಂದು ದಿನ ಸುಸ್ತಾಗಿ ಈ ಬೆಂಚಿನಲ್ಲಿ ಕೂತಾಗ ಎದುರಿನ ಮರಕ್ಕೆ ಹೆಜ್ಜಾರ್ಲೆಯೊಂದು ಕಡ್ಡಿ ಕಚ್ಚಿಕೊಂಡು ಬಂತಂತೆ. ‘ಅಷ್ಟು ದೊಡ್ಡ ಹಕ್ಕಿ, ಅಷ್ಟು ಸಣ್ಣ ಕಡ್ಡಿ! ಇದು ಯಾವಾಗ ಮನೆ ಕಟ್ಟಿ ಮುಗಿಸುತ್ತೆ ಅಂತ ನೋಡೋಕೆ ಮಾರನೇ ದಿನವೂ ಬಂದೆ.’ ಬರುವುದು ನಿಂತೇ ಇಲ್ಲ. ಹೆಂಡತಿ ತೀರಿಕೊಂಡ ವರ್ಷದ ನೋಟ್‌ಬುಕ್ಕಿನಲ್ಲೂ ಒಂದು ವಾರ ಬಿಟ್ಟರೆ ಎಲ್ಲ ದಿನದ ಹಕ್ಕಿಗಳ ಲೆಕ್ಕವಿದೆ. ಆ ವಾರದ ಪುಟಗಳನ್ನು ಖಾಲಿ ಬಿಟ್ಟಿದ್ದಾರೆ.

ಬೈನಾಕ್ಯುಲರ್ ನನ್ನ ಕೈಗಿತ್ತರು. ತಾಯಿಹಕ್ಕಿ ಬಾಯಿ ತೆರೆಯಿತು. ಮರಿ ತಲೆಯನ್ನಷ್ಟೇ ಅಲ್ಲ, ಕತ್ತನ್ನೂ ಒಳಗೆ ತೂರಿಸಿ ಮೀನು ಎಳೆದುಕೊಂಡಿತು. ಕೊಕ್ಕಿನ ಕೆಳಗಿನ ಚೀಲ ಮೀನಿನ ಬುತ್ತಿಯೆಂದೇ ನಾನು ತಿಳಿದಿದ್ದೆ. ಅದು ಬಲೆ ಎಂದು ಮೇಷ್ಟ್ರು ತಿದ್ದಿದರು: ನೀರು ಸಮೇತ ಮೀನು ಬಾಚಿ, ನೀರು ಬಸಿದು, ನುಂಗುವುದು. ಪಕ್ಕದ ಕೊಂಬೆಯಲ್ಲಿ ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅದರ ಗರಿ ನೀರು ಕುಡಿಯುತ್ತದೆ, ಅದಕ್ಕೇ ಮುಳುಗಿ ಬೇಟೆಯಾಡುವುದು ಸುಲಭ.

ಕೆರೆಯ ಚರಿತ್ರೆಯನ್ನೂ ಅವರೇ ಹೇಳಿದರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಊರಾಚೆಯ ಹೊಲಗದ್ದೆಗಳಿಗೆಂದು ಕಟ್ಟಿಸಿದ್ದು. ಪೂರ್ಣಯ್ಯ ನಾಲೆ ಮಳೆನೀರು ತರುತ್ತಿತ್ತು. ಈಗ ಕೆರೆಯಿರುವುದು ಮೈಸೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿ, ಮಾನಸಗಂಗೋತ್ರಿಯ ಮಗ್ಗುಲಲ್ಲಿ. ಆ ಹೆಸರಿಟ್ಟ ಕುವೆಂಪು ಇಲ್ಲಿ ನಡೆದಾಡುತ್ತಿದ್ದರೆಂಬುದು ಮೈಸೂರಿನವರಿಗೆ ಹೇಳಬೇಕಾದ ಮಾತಲ್ಲ.

ಊರು ಬೆಳೆಯಿತು. ನಾಲೆಯ ದಾರಿಯುದ್ದಕ್ಕೂ ಬಡಾವಣೆಗಳೆದ್ದವು. ಮಳೆನೀರು ಬರಬೇಕಾದಲ್ಲಿ ಚರಂಡಿ ನೀರು ನುಗ್ಗಿತು. ಕೊಳಚೆ ಹೆಚ್ಚಾದರೆ ಪಾಚಿ ಉಕ್ಕುತ್ತದೆ, ಪಾಚಿ ಕೊಳೆತರೆ ನೀರಿನ ಆಮ್ಲಜನಕ ತೀರುತ್ತದೆ, ಮೀನು ತೇಲುತ್ತವೆ. ಹೆಜ್ಜಾರ್ಲೆಗೆ ಆಮೇಲೆ ಇಲ್ಲೇನು ಕೆಲಸ?

ಕೆರೆ ಕೆಟ್ಟರೆ ನಷ್ಟ ನಮಗೂ ಉಂಟು. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ನೋಡಿದ ಅಧ್ಯಯನವೊಂದು, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರಲ್ಲಿ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿವೆ ಎಂದು ಕಂಡುಕೊಂಡಿತು. ಮೇಷ್ಟ್ರಿಗೆ ಹೇಳಿದೆ. ‘ನನಗೆ ಎರಡೇ ದಿನಕ್ಕೆ ಆಗಿಹೋಗುತ್ತೆ’ ಎಂದು ನಕ್ಕರು. ಆಮೇಲೆ ನಡುಗಡ್ಡೆಯತ್ತ ಬೆರಳು ತೋರಿಸಿದರು. ‘ನಾವಿಲ್ಲಿ, ಅವು ಅಲ್ಲಿ. ನಡುವೆ ಈ ನೀರಿದೆಯಲ್ಲ, ಅದಕ್ಕೇ ಇಬ್ಬರೂ ಸುಖವಾಗಿದ್ದೀವಿ.’

ಕೊಕ್ಕರೆಬೆಳ್ಳೂರೆಂಬ ಹಳ್ಳಿಯಲ್ಲಿ ಇದೇ ಹೆಜ್ಜಾರ್ಲೆಯನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳೆಂದು ಊರವರೇ ಕಾಯುತ್ತಾರೆ. ನಗರದಲ್ಲಿ ಅಷ್ಟು ಸಲಿಗೆ ಸಾಧ್ಯವಿಲ್ಲ. ಇಲ್ಲಿ ಅವನ್ನು ಕಾಯುವುದು ನಡುವಿನ ಈ ದೂರವೇ. ಬೆದರಿ ತಾಯಿ ಹಾರಿದರೆ ಕಾಗೆ, ಹದ್ದುಗಳು ಮೊಟ್ಟೆಗೆ ಎರಗುತ್ತವೆ. ಬಿಸಿಲಿಗೆ ಎಳೆಮರಿ ಬಾಡುತ್ತದೆ. ಹಾಗಾಗಿ ‘ಅಭಿವೃದ್ಧಿ’ಯ ಹೆಸರಿನಲ್ಲಿ ಕೆರೆಗಳಿಗೆ ಬರುವ ದೋಣಿ, ದೀಪಾಲಂಕಾರ, ಸಂಗೀತ ಕಾರಂಜಿ ಕುಕ್ಕರಹಳ್ಳಿಗೆ ಬೇಡವೇ ಬೇಡ. ಕೊಳಚೆ ನಿಲ್ಲಲಿ, ಮಳೆನೀರಿಗೆ ದಾರಿ ಸಿಗಲಿ. ಇದು ಕೆರೆಗೂ ಸಾಕು, ನಮಗೂ ಸಾಕು.

ಹೊರಡುವಾಗ ಮೇಷ್ಟ್ರು ಆ ದಿನದ ಸಾಲು ಬರೆಯುತ್ತಿದ್ದರು. ನೀವು ಆ ಕಡೆ ಹೋದರೆ ನಡುಗಡ್ಡೆಯ ಎದುರು ಎರಡು ನಿಮಿಷ ಮೊಬೈಲಿನ ಹಾಡು ನಿಲ್ಲಿಸಿ. ದೊಡ್ಡ ಹೆಜ್ಜಾರ್ಲೆಗಳು ಹೆಚ್ಚುಕಡಿಮೆ ಮೂಕ. ಕೇಳಿಸುವುದು ಮರಿಗಳ ಕೂಗು.