ಡಿಸೆಂಬರಿನಲ್ಲಿ ಓಡಿದ ಕಂಪ್ಯೂಟರ್ ಏಪ್ರಿಲ್‌ನಲ್ಲಿ ಮುಗ್ಗರಿಸುವುದೇಕೆ?

ಸೂಪಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಎಷ್ಟೋ ಮಂದಿ ಬಂದು ನೆಲೆಯೂರಿದ್ದು ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ. ಅವರ ಊರುಗಳನ್ನು ಮುಳುಗಿಸಿದ ಆ ನೀರೇ ಮುಂದೆ ಬೊಮ್ಮನಹಳ್ಳಿ ಜಲಾಶಯ ದಾಟಿ, ಸುರಂಗದೊಳಗೆ ಇಳಿದು, ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರದ ಆರು ಯಂತ್ರಗಳನ್ನು ತಿರುಗಿಸುತ್ತದೆ. ಮೊದಲು ಅವು ತಲಾ 135 ಮೆಗಾವಾಟ್‌ನವು. ಆಮೇಲೆ ಅವುಗಳಲ್ಲಿ ಹೆಚ್ಚಿನವನ್ನು 150 ಮೆಗಾವಾಟ್‌ಗೆ ಏರಿಸಿದರು. ಯಂತ್ರಕ್ಕೆ ಹೊಡೆದ ಫಲಕದ ಅಂಕಿಯೇ ಅದರ ಕೊನೆಯ ಮಿತಿಯಲ್ಲ ಎಂಬುದು ಎಂಜಿನಿಯರುಗಳಿಗೆ ಗೊತ್ತು. ಆದರೆ ಅಂಥ ಏರಿಕೆಗೆ ಕೈಹಾಕುವ ಮೊದಲು ಸುರುಳಿ ಎಷ್ಟು ಕಾಯುತ್ತದೆ, ನಿರೋಧಕ ಪದರ ಎಷ್ಟು ತಡೆಯುತ್ತದೆ, ಕಂಪನ ಎಷ್ಟಿದೆ ಎಂದು ಅಳೆದು ನೋಡುತ್ತಾರೆ.

ರಾಮನಗರದ ಹುಡುಗನೊಬ್ಬ ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ, ಅದರ ಪ್ರೊಸೆಸರ್ ವೇಗವನ್ನು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಮೇಲಕ್ಕೆ ಏರಿಸಿದಾಗ ಮಾಡುವುದೂ ಇದನ್ನೇ. ಅಳೆಯುವ ಕೆಲಸವನ್ನು ಮಾತ್ರ ಬಹುತೇಕರು ಯಂತ್ರ ಕೈಕೊಟ್ಟ ಮೇಲೆ ಶುರುಮಾಡುತ್ತಾರೆ.

ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳಲ್ಲೂ ಒಂದು ಚುರುಕು, ಇನ್ನೊಂದು ಮಂದ. ಮಂದಗತಿಯದ್ದೂ, ಸೆಕೆಯ ಕೋಣೆಯಲ್ಲಿ, ಹಲವು ವರ್ಷ ಸವೆದ ಮೇಲೂ ತಪ್ಪು ಲೆಕ್ಕ ಮಾಡಬಾರದು ಎಂಬ ಎಚ್ಚರದಿಂದ ತಯಾರಕರು ವೇಗ ನಿಗದಿ ಮಾಡುತ್ತಾರೆ. ಹೀಗೆ ಮಿಕ್ಕುಳಿಯುವ ತ್ರಾಣವನ್ನು ಬಳಸಿಕೊಳ್ಳುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಈ ಹವ್ಯಾಸಿಗಳ ಪುರಾಣಪುರುಷ: ಮದರ್‌ಬೋರ್ಡಿನ ಮೂಲ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಸಾಕು, 300ರ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಈಗ ಅಂಥ ಸುಗ್ಗಿ ಇಲ್ಲ. ಟರ್ಬೋ ಎಂಬ ಹೆಸರಿನಲ್ಲಿ ತಯಾರಕರೇ ಮಿಕ್ಕಿದ್ದರ ಬಹುಪಾಲನ್ನು ಹಿಂಡಿ ಕೊಟ್ಟಿರುತ್ತಾರೆ. ನಮಗೆ ಉಳಿದದ್ದು ಶೇಕಡಾ ನಾಲ್ಕೋ ಐದೋ. ಅಷ್ಟಕ್ಕಾಗಿ ಇಷ್ಟು ಪಾಡೇ ಎಂದು ಕೇಳಿದರೆ, ಹವ್ಯಾಸಕ್ಕೆ ಲೆಕ್ಕ ಕೇಳಬಾರದು ಎಂದಷ್ಟೇ ಹೇಳಬಹುದು.

ವೇಗ ಹೆಚ್ಚಿದಾಗ ಒಳಗೆ ಏನು ಕೆಡುತ್ತದೆ? 5 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದರ ಗಡಿಯಾರದ ಪ್ರತಿ ಟಿಕ್ಕಿಗೆ ಸಿಗುವ ಸಮಯ 0.2 ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಸಾಗುವುದು 6 ಸೆಂಟಿಮೀಟರ್. ಒಂದು ಟಿಕ್ಕಿಗೂ ಮುಂದಿನ ಟಿಕ್ಕಿಗೂ ನಡುವೆ ವಿದ್ಯುತ್ ಸಂಕೇತ ಒಂದರ ಹಿಂದೊಂದು ಹಲವು ಟ್ರಾನ್ಸಿಸ್ಟರ್ ಬಾಗಿಲುಗಳನ್ನು ದಾಟಿ, ಸೊನ್ನೆಯೋ ಒಂದೋ ಎಂದು ಗಟ್ಟಿಯಾಗಿ ನಿಲ್ಲಬೇಕು. ನಿಲ್ಲುವ ಮೊದಲೇ ಮುಂದಿನ ಟಿಕ್ ಬಿದ್ದರೆ ಹಳೆಯ ಅಂಕಿಯೇ ದಾಖಲಾಗುತ್ತದೆ. ಆಗ ಚಿಪ್ ಸುಡುವುದಿಲ್ಲ, ನಿಲ್ಲುವುದೂ ಇಲ್ಲ, ತಪ್ಪು ಉತ್ತರ ಹೇಳಿ ಮುಂದಕ್ಕೆ ಹೋಗುತ್ತದೆ. ಆ ತಪ್ಪು ವಿಳಾಸವೋ ತಪ್ಪು ಅಂಕಿಯೋ ಇನ್ನೆಲ್ಲೋ ಬಳಕೆಯಾದಾಗ ನೀಲಿ ಪರದೆ ಬರುತ್ತದೆ, ಅಥವಾ ಆಟ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಏನೂ ಆಗದೆ ಹೋಗುವುದು ಇನ್ನೂ ಅಪಾಯಕಾರಿ: ಒಂದು ಕಡತದೊಳಗೆ ಒಂದು ಬಿಟ್ ಸದ್ದಿಲ್ಲದೆ ಕೆಟ್ಟು ಕೂತಿರುತ್ತದೆ.

ಟ್ರಾನ್ಸಿಸ್ಟರ್ ಬೇಗ ತಿರುಗಬೇಕಾದರೆ ವೋಲ್ಟೇಜ್ ಹೆಚ್ಚಿಸಬೇಕು. ಅಲ್ಲೇ ತೊಡಕು. ಚಿಪ್ ನುಂಗುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜಿಗೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 5 ಗಿಗಾಹರ್ಟ್ಸ್ ಅನ್ನು 5.3ಕ್ಕೆ ತರಲು 1.20 ವೋಲ್ಟನ್ನು 1.35 ಮಾಡಿದಿರಿ ಎನ್ನಿ. ವೇಗ ಹೆಚ್ಚಿದ್ದು ಶೇಕಡಾ 6, ವಿದ್ಯುತ್ತು ಹೆಚ್ಚಿದ್ದು ಶೇಕಡಾ 34. ಅದಷ್ಟೂ ಶಾಖವಾಗಿ ಹೊರಬರಬೇಕು. ಬಿಸಿ ಏರಿದಂತೆ ಟ್ರಾನ್ಸಿಸ್ಟರುಗಳಲ್ಲಿ ಸೋರಿಕೆ ಹೆಚ್ಚುತ್ತದೆ, ಸೋರಿಕೆಯಿಂದ ಮತ್ತಷ್ಟು ಬಿಸಿ.

ತಲೆಬರಹದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕೂಲರ್ ಎಂಬುದು ತಂಪನ್ನು ತಯಾರಿಸುವ ಯಂತ್ರವಲ್ಲ, ಚಿಪ್ಪಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುವ ಸಾಧನ. ಪೂರ್ತಿ ಹೊರೆಯಲ್ಲಿ ಚಿಪ್ ಕೋಣೆಗಿಂತ 65 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಳ್ಳಿ. ಡಿಸೆಂಬರಿನಲ್ಲಿ ಕೋಣೆ 20 ಡಿಗ್ರಿ ಇದ್ದರೆ ಚಿಪ್ 85ರಲ್ಲಿ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ, ಹೆಂಚಿನ ಮಾಡಿನ ಕೆಳಗೆ 36 ಡಿಗ್ರಿ ಇದ್ದರೆ ಅದೇ ಚಿಪ್ 101ಕ್ಕೆ ಹೋಗಬೇಕಾಗುತ್ತದೆ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು 100 ಡಿಗ್ರಿಯಲ್ಲಿ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಎಎಂಡಿಯ ರೈಜನ್ 7000 ಸರಣಿಯ ಬಹುತೇಕ ಚಿಪ್‌ಗಳಿಗೆ ಆ ಮಿತಿ 95. ಎಳೆದು ಕಟ್ಟಿದ ಓವರ್‌ಕ್ಲಾಕ್ ಎಷ್ಟೋ ಸಲ ಆ ಮಿತಿ ಮುಟ್ಟುವ ಮೊದಲೇ ಮುಗ್ಗರಿಸುತ್ತದೆ. ಬೆಳಗಾವಿ–ಪಣಜಿ ಹೆದ್ದಾರಿಯ ಬದಿಯ ಮನೆಯಾದರೆ ಲಾರಿ ಎಬ್ಬಿಸಿದ ಕೆಂಧೂಳು ಕೂಲರಿನ ರೆಕ್ಕೆಗಳ ಸಂದಿಯಲ್ಲಿ ಮೆತ್ತಿಕೊಂಡು ಆ 65ನ್ನು 70 ಮಾಡಿರುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಪರೀಕ್ಷೆ ಪಾಸಾದ ಸೆಟ್ಟಿಂಗನ್ನು ಬೇಸಿಗೆಗೂ ನಂಬುವಂತಿಲ್ಲ.

ಯಂತ್ರ ಮುಗ್ಗರಿಸಿದಾಗ ಜನ ಮೊದಲು ಮಾಡುವ ಕೆಲಸ ವೋಲ್ಟೇಜ್ ಇನ್ನಷ್ಟು ಏರಿಸುವುದು. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಮೊದಲು ಬಯೋಸ್‌ಗೆ ಹೋಗಿ ಎಲ್ಲವನ್ನೂ ಮೂಲಸ್ಥಿತಿಗೆ ತರಬೇಕು. ಪರದೆಯೇ ಬರದಿದ್ದರೆ ಕರೆಂಟ್ ತೆಗೆದು ಬೋರ್ಡಿನ ನಾಣ್ಯದಂಥ ಸಿಆರ್ 2032 ಬ್ಯಾಟರಿಯನ್ನು ಸ್ವಲ್ಪ ಹೊತ್ತು ಕಳಚಿಟ್ಟರೆ ಹೆಚ್ಚಿನ ಬೋರ್ಡುಗಳು ಮಾಡಿದ ಸೆಟ್ಟಿಂಗ್ ಮರೆಯುತ್ತವೆ. ಮೂಲಸ್ಥಿತಿಯಲ್ಲೂ ಯಂತ್ರ ಬೀಳುತ್ತಿದ್ದರೆ ರೋಗ ಓವರ್‌ಕ್ಲಾಕಿನದ್ದಲ್ಲ.

ಮುಂದಿನ ಅನುಮಾನ ಮೆಮೊರಿಯ ಮೇಲೆ. ರ್‍ಯಾಮ್ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಒತ್ತಿಬಿಟ್ಟರೆ ಆಯಿತು ಎಂಬ ಭಾವನೆ ಸಾಮಾನ್ಯ. ಅದೂ ಓವರ್‌ಕ್ಲಾಕೇ. ರ್‍ಯಾಮ್ ಆ ವೇಗವನ್ನು ತಡೆದರೂ ಪ್ರೊಸೆಸರ್ ಒಳಗಿನ ಮೆಮೊರಿ ನಿಯಂತ್ರಕ ತಡೆಯದೆ ಇರಬಹುದು, ಅದರಲ್ಲೂ ನಾಲ್ಕು ಕಡ್ಡಿ ತುಂಬಿಸಿದಾಗ. ಪ್ರೊಸೆಸರನ್ನು ಮೂಲವೇಗದಲ್ಲೇ ಇಟ್ಟು, ಎಕ್ಸ್‌ಎಂಪಿ ಮಾತ್ರ ಹಾಕಿ, ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ಕಂಡರೂ ಅದು ಫೇಲೇ. ನಮ್ಮ ಕಡೆಯ ರಿಪೇರಿಯವರು ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದನ್ನು ನೋಡಿರುತ್ತೀರಿ. ಮಳೆಗಾಲದಲ್ಲಿ ಅದು ಕೆಲಸ ಮಾಡುವುದುಂಟು, ಸಂಪರ್ಕಬಿಂದುವಿನ ಕೊಳೆ ಹೋಗುತ್ತದೆ. ಮತ್ತೆ ಮತ್ತೆ ಉಜ್ಜಿದರೆ ಚಿನ್ನದ ತೆಳು ಲೇಪವೂ ಹೋಗುತ್ತದೆ, ಅದಕ್ಕಿಂತ ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು.

ಮೆಮೊರಿ ಪಾಸಾದ ಮೇಲೆ ಪ್ರೊಸೆಸರಿನ ಕೋರ್‌ಗಳ ಸರದಿ. ಇದಕ್ಕೆ ಬಳಸುವ ಪ್ರೈಮ್95 ಹುಟ್ಟಿದ್ದು ಕಂಪ್ಯೂಟರನ್ನು ಹಿಂಸಿಸಲಿಕ್ಕಲ್ಲ, ದೈತ್ಯ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲಿಕ್ಕೆ. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೂ ಎಲ್ಲ ನೀರುಪಾಲು. ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ಯಂತ್ರದ ಪ್ರಾಮಾಣಿಕತೆ ನೋಡುವ ವ್ಯವಸ್ಥೆ ಅದರಲ್ಲಿದೆ. ಮೂಲ ವೇಗವನ್ನು ಎಷ್ಟು ಪಟ್ಟು ಮಾಡಬೇಕೆಂದು ಹೇಳುವ ಮಲ್ಟಿಪ್ಲೈಯರನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಿಗೂ ಇದನ್ನು ಓಡಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಬದಲಿಸಿದರೆ ಯಾವುದರಿಂದ ಕೆಟ್ಟಿತು ಎಂದು ಹೇಳುವವರಿಲ್ಲ. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಎಂಬ ಹೆಸರಿನ ಎಚ್ಚರಿಕೆಗಳು ಬಿದ್ದಿವೆಯೇ ನೋಡಿ. ಯಂತ್ರ ಮೇಲ್ನೋಟಕ್ಕೆ ಸುಖವಾಗಿದ್ದಾಗಲೂ, ತಪ್ಪಿ ಸರಿಪಡಿಸಿಕೊಂಡ ಲೆಕ್ಕ ಅಲ್ಲಿ ದಾಖಲಾಗಿರುತ್ತದೆ.

ವಿಚಿತ್ರವೆಂದರೆ, ಪ್ರೈಮ್95ರಲ್ಲಿ ಗಂಟೆಗಟ್ಟಲೆ ನಿಂತ ಯಂತ್ರ ಸುಮ್ಮನೆ ಕೂತಿದ್ದಾಗ ಹ್ಯಾಂಗ್ ಆಗುವುದುಂಟು. ಸುಮ್ಮನಿರುವಾಗಲೂ ಹೊರೆ ಆಗಾಗ ಥಟ್ಟನೆ ಏರಿಳಿಯುವುದು ಅದಕ್ಕೊಂದು ಕಾರಣ. ಹೊರೆ ಬಿದ್ದಾಗ ಪ್ರೊಸೆಸರಿನ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಬೋರ್ಡಿನ ವಿನ್ಯಾಸದಲ್ಲೇ ಹಾಗಿದೆ. ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬ ಆಯ್ಕೆ ಆ ಕುಸಿತವನ್ನು ತಡೆಯುತ್ತದೆ. ಅದನ್ನು ತೀರಾ ಬಿಗಿ ಮಾಡಿದರೆ ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ತೀರಾ ಸಡಿಲ ಬಿಟ್ಟರೆ ಹೊರೆ ಬೀಳುವ ಕ್ಷಣದಲ್ಲಿ ಕುಸಿಯುತ್ತದೆ. ನಡುವಿನ ಮಟ್ಟವೇ ಸುರಕ್ಷಿತ. ಬೋರ್ಡಿನವರೇ ಕೊಡುವ ‘ಆಟೊ ಓವರ್‌ಕ್ಲಾಕ್’ ಗುಂಡಿಯ ಬಗ್ಗೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಎಲ್ಲ ಚಿಪ್‌ಗಳೂ ಓಡಲಿ ಎಂದು ಅದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಸುರಿಯುವುದೇ ಜಾಸ್ತಿ. ಅಗ್ಗದ ಬೋರ್ಡಾದರೆ ಪ್ರೊಸೆಸರ್ ಪಕ್ಕದ ವಿದ್ಯುತ್ ಪೂರೈಕೆಯ ಭಾಗಗಳನ್ನೂ ಗಮನಿಸಬೇಕು. ಅವುಗಳ ಮೇಲೆ ಲೋಹದ ಹೊದಿಕೆಯೇ ಇಲ್ಲದಿದ್ದರೆ ಅವು ಕಾದು, ಪ್ರೊಸೆಸರ್ ತಣ್ಣಗಿದ್ದರೂ ವೇಗ ದಿಢೀರನೆ ಇಳಿಯುತ್ತದೆ.

ಇನ್ನು ಗೋಡೆಯ ಪ್ಲಗ್ಗಿನ ಕಥೆ. ಮಳೆಗಾಲದಲ್ಲಿ ಕಾಡಿನ ನಡುವೆ ಹಾದ ತಂತಿಯ ಮೇಲೆ ಕೊಂಬೆ ಬೀಳುವುದು, ದೀಪ ಕಣ್ಣು ಮಿಟುಕಿಸುವುದು ಜೋಯಿಡಾದವರಿಗೆ ಹೊಸತಲ್ಲ. ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಒಳ್ಳೆಯದಾದರೆ ಕರೆಂಟ್ ತಪ್ಪಿದ ಮೇಲೂ ಸುಮಾರು 16 ಮಿಲಿಸೆಕೆಂಡ್ ಬೋರ್ಡನ್ನು ನಡೆಸಬಲ್ಲದು. ಮನೆಯ ಇನ್ವರ್ಟರ್ ಅಷ್ಟರೊಳಗೆ ಕೈ ಹಿಡಿಯಬೇಕು. ಅದರ ಹಿಂಬದಿಯ ಗುಂಡಿ ‘ಯುಪಿಎಸ್’ ಕಡೆಗಿಲ್ಲದೆ ಸಾಮಾನ್ಯ ಸ್ಥಿತಿಯಲ್ಲಿದ್ದರೆ ಬದಲಾವಣೆ ನಿಧಾನ, ಕಂಪ್ಯೂಟರ್ ಮರುಚಾಲನೆಯಾಗುತ್ತದೆ. ನೀಲಿ ಪರದೆಯೂ ಬರದೆ ತಟಕ್ಕನೆ ಆರಿಹೋದರೆ ಮಲ್ಟಿಪ್ಲೈಯರಿಗಿಂತ ಮೊದಲು ಈ ಗುಂಡಿಯನ್ನೂ ಎಸ್‌ಎಂಪಿಎಸ್ ಅನ್ನೂ ನೋಡುವುದು ಲೇಸು. 12 ವೋಲ್ಟಿನ ತಂತಿ ಹೊರೆಯಲ್ಲಿ 11.4ಕ್ಕಿಂತ ಕೆಳಗಿಳಿಯಬಾರದು.

ಓವರ್‌ಕ್ಲಾಕ್ ಮಾಡದವರಿಗೂ ಯಂತ್ರ ಮುಗ್ಗರಿಸುವ ಪಾಡು ಬಂದದ್ದುಂಟು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಡೆಸ್ಕ್‌ಟಾಪ್ ಚಿಪ್‌ಗಳಿದ್ದವರ ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಮುಚ್ಚಿಕೊಳ್ಳತೊಡಗಿದವು. ಬೇಕಾದಷ್ಟು ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೂ ಅದೇ ಸಂದೇಶ. ನಿಜವಾಗಿ ಎಡವುತ್ತಿದ್ದದ್ದು ಪ್ರೊಸೆಸರ್: ಒತ್ತಿ ಕಟ್ಟಿದ ಕಡತಗಳನ್ನು ಬಿಚ್ಚುವಾಗ ಅದು ತಪ್ಪು ಲೆಕ್ಕ ಮಾಡುತ್ತಿತ್ತು, ದೂರು ಮಾತ್ರ ಪಕ್ಕದ ಕಾರ್ಡಿನ ಮೇಲೆ ಬರುತ್ತಿತ್ತು. 2024ರ ಜುಲೈನಲ್ಲಿ ಇಂಟೆಲ್, ಚಿಪ್ಪಿನ ಮೈಕ್ರೋಕೋಡ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು ಒಪ್ಪಿಕೊಂಡು, ಆಗಸ್ಟಿನಲ್ಲಿ ತಿದ್ದುಪಡಿ ಬಿಡುಗಡೆ ಮಾಡಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹೆಚ್ಚಿನ ವೋಲ್ಟೇಜೂ ಬಿಸಿಯೂ ಸೇರಿ ಕೋರ್‌ಗಳಿಗೆ ಟಿಕ್ ಹಂಚುವ ಮಂಡಲವನ್ನೇ ಸವೆಸಿದ್ದವು. ಹಾಗೆ ಸವೆದ ಚಿಪ್‌ಗೆ ಮೊದಲಿನ ವೇಗದಲ್ಲಿ ನಿಲ್ಲಲು ಮೊದಲಿಗಿಂತ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ.

ಕೈಯಾರೆ ಏರಿಸಿದ ವೋಲ್ಟೇಜೂ ಇದೇ ಸವೆತವನ್ನು ತರುತ್ತದೆ, ನಿಧಾನವಾಗಿ. ವರ್ಷದ ಹಿಂದೆ ಪಾಸಾದ ಸೆಟ್ಟಿಂಗ್ ಈಗ ಅದೇ ತಂಪಿನಲ್ಲೂ ಫೇಲ್ ಆಗುತ್ತಿದ್ದರೆ ಮಲ್ಟಿಪ್ಲೈಯರನ್ನು ಒಂದೆರಡು ಮೆಟ್ಟಿಲು ಕೆಳಗಿಳಿಸಿ ನೋಡಿ. ತಪ್ಪುಗಳು ನಿಂತವೆಂದರೆ ಸವೆದದ್ದು ಕೋರ್. ವೋಲ್ಟೇಜ್ ಏರಿಸಿ ಹಳೆಯ ವೇಗಕ್ಕೆ ಮರಳುವ ಹಟ ಬೇಡ, ಸವೆತ ಅದರಿಂದ ಇನ್ನೂ ಬೇಗ ಸಾಗುತ್ತದೆ. ತಪ್ಪುಗಳು ನಿಲ್ಲದಿದ್ದರೆ ಮತ್ತೆ ಮೆಮೊರಿಯಿಂದ ಶುರುಮಾಡಿ.